ರೌಟರ್ ಹಿಂದಿನ ತೂತಿಗೆ ಪಿನ್ನು ಚುಚ್ಚೋ ಮೊದ್ಲು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಾವು ಡೊಂಬಿವಲಿ ಈಸ್ಟ್‌ನಲ್ಲಿರೋರು, ಊರು ಕುಂದಾಪುರದ ಹತ್ರ. ನಮ್ಮ ಮಾವ ದಿನಾ ಬೆಳಿಗ್ಗೆ ಭೂತಕನ್ನಡಿ ಹಿಡ್ಕೊಂಡು ನಿಮ್ಮ ಪೇಪರನ್ನ ಮೊದಲ್ನೇ ಪುಟದಿಂದ ಕೊನೇ ಪುಟದವರೆಗೂ ಓದ್ತಾರೆ, ಓದುಗರ ಪತ್ರ ಅಂತೂ ಒಂದೂ ಬಿಡೋದಿಲ್ಲ. "ಎಷ್ಟೋ ಮನೆಯಲ್ಲಿ ಇದೇ ಗೋಳು ಇರ್ತದೆ, ನೀನು ಬರ್ದು ಪೇಪರಿಗೆ ಕಳ್ಸು ಮಾರಾಯ್ತಿ" ಅಂತ ಅವ್ರೇ ಹಟ ಹಿಡಿದ್ರು, ಅದಕ್ಕೇ ಈ ಪತ್ರ. ವಿಷಯ ಮನೆ ವೈಫೈ ಪಾಸ್‌ವರ್ಡ್. ಇದೇನು ಪೇಪರಿಗೆ ಬರಿಯೋ ವಿಷಯನಾ ಅನ್ನಿಸ್ಬಹುದು, ಆದ್ರೆ ನಮ್ಮನೇಲಿ ಇದ್ರಿಂದ ಮೂರು ದಿನ ನೆಮ್ಮದಿ ಹೋಯ್ತು, 700 ರೂಪಾಯಿ ಹೋಯ್ತು, ಕೊನೆಗೆ ನೋಡಿದ್ರೆ ಎರಡ್ನೇ ಸಲ ಯಾರನ್ನೂ ಕರಿಯೋ ಅಗತ್ಯನೇ ಇರ್ಲಿಲ್ಲ.

ಆಗಿದ್ದು ಹೀಗೆ. ಜೂನ್ ಮಳೆ ಶುರುವಾದ ವಾರ ಒಂದು ರಾತ್ರಿ ಜೋರು ಸಿಡಿಲು ಬಡೀತು, ಬೆಳಿಗ್ಗೆ ನೋಡಿದ್ರೆ ರೌಟರ್‌ನಲ್ಲಿ ಒಂದು ಲೈಟೂ ಇಲ್ಲ. ಶನಿವಾರ ಕೇಬಲ್ ಕಡೆ ಹುಡುಗ ಬಂದು ಹೊಸ ರೌಟರ್ ಹಾಕ್ದ, ಪಾಪ ಅವನಿಗೂ ಆ ದಿನ ಹತ್ತು ಮನೆ ಇತ್ತಂತೆ, ನಿಂತ್ಕೊಂಡೇ ಕೆಲ್ಸ ಮಾಡ್ದ. ವೈಫೈಗೆ ಹಳೇ ಹೆಸ್ರೇ ಇಟ್ಟ, ಪಾಸ್‌ವರ್ಡ್ ಮಾತ್ರ ಹೊಸದು. ನನ್ನ ಫೋನಿಗೂ ಮಗನ ಫೋನಿಗೂ ಅವನೇ ಟೈಪ್ ಮಾಡಿ ಹಾಕ್ಕೊಟ್ಟು, ಪಾಸ್‌ವರ್ಡನ್ನ ಬಿಲ್ಲಿನ ಹಿಂದೆ ಬಾಲ್‌ಪೆನ್ನಲ್ಲಿ ಗೀಚಿ, 350 ರೂಪಾಯಿ ತಗೊಂಡು ಹೋದ. ನಮ್ಗೂ ನೆಟ್ ಬಂತಲ್ಲ ಅಂತ ಸಮಾಧಾನ.

ಸಂಜೆ 7 ಗಂಟೆಗೆ ಮಾವಂಗೆ ಊರಲ್ಲಿರೋ ಅವರಣ್ಣನ ಹತ್ರ ವಿಡಿಯೋ ಕಾಲ್. ಇದು ತಪ್ಪೋದೇ ಇಲ್ಲ, ಇಬ್ರಿಗೂ ಎಂಬತ್ತರ ಮೇಲಾಯ್ತು, ಒಬ್ರ ಮುಖ ಒಬ್ರು ನೋಡಿದ್ಮೇಲೇ ಊಟ. ಅವತ್ತು ಮಾವನ ಫೋನಲ್ಲಿ ವೈಫೈ ಒತ್ತಿದ್ರೆ "ಪಾಸ್‌ವರ್ಡ್ ಪರಿಶೀಲಿಸಿ" ಅಂತ ಬರ್ತಾ ಇದೆ. ಬಿಲ್ಲು ನೋಡಿ ಟೈಪ್ ಮಾಡಿದ್ವಿ, ಆಗ್ಲಿಲ್ಲ, ಮತ್ತೆ ಮಾಡಿದ್ವಿ, ನಾನು ಮಾಡ್ದೆ, ಮಗ ಮಾಡ್ದ, ಮನೆಯವ್ರು ಮಾಡಿದ್ರು, ಹತ್ತು ಸಲ ಆದ್ರೂ ಅದೇ ಮಾತು. ಟಿವಿನೂ ಹಾಗೇ, ಪ್ರಿಂಟರ್ರೂ ಹಾಗೇ. ನನ್ನ ಫೋನಲ್ಲಿ ಕಾಲ್ ಹಚ್ಚಿ ಕೊಟ್ಟೆ ಅನ್ನಿ, ಆದ್ರೆ ಮಾವಂಗೆ ತಾನೇ ಏನೋ ಒತ್ತಿ ಕೆಡಿಸಿದೆ ಅಂತ ಮನಸ್ಸಲ್ಲಿ ಕೂತ್ಬಿಡ್ತು, ರಾತ್ರಿ ಸರಿಯಾಗಿ ಊಟನೂ ಮಾಡ್ಲಿಲ್ಲ. ನಂಗೆ ಜಾಸ್ತಿ ಬೇಜಾರಾಗಿದ್ದು ಇದೇ.

ಭಾನುವಾರ ಆ ಹುಡುಗನಿಗೆ ಫೋನ್ ಮಾಡಿದ್ರೆ "ಪೀಛೇ ಛೋಟಾ ಛೇದ್ ಹೈ ಮೇಡಂ, ಪಿನ್ ಸೇ ದಬಾಕೇ ರಖೋ" ಅಂದ. ಸೇಫ್ಟಿ ಪಿನ್ನು ಚುಚ್ಚಿ ಹತ್ತು ಸೆಕೆಂಡ್ ಹಿಡ್ದೆ, ಎಲ್ಲಾ ಲೈಟ್ ಒಮ್ಮೆ ಮಿನುಗಿ ಆರಿ ಹತ್ಕೊಳ್ತು. ಅಷ್ಟೇ, ಅಲ್ಲೀವರೆಗೆ ನಡೀತಿದ್ದ ನಮ್ಮ ಎರಡು ಫೋನಿಗೂ ನೆಟ್ ಹೋಯ್ತು. ಆ ತೂತು ಒತ್ತಿದ್ರೆ ರೌಟರ್ ಫ್ಯಾಕ್ಟರಿಯಿಂದ ಬಂದಾಗ ಹೇಗಿತ್ತೋ ಹಾಗಾಗ್ತದೆ, ವೈಫೈ ಹೆಸ್ರು ಪಾಸ್‌ವರ್ಡ್ ಅಷ್ಟೇ ಅಲ್ಲ, ಕಂಪನಿಯವ್ರು ನಮ್ಮ ಕನೆಕ್ಷನ್ನಿಗೆ ಕೊಟ್ಟಿರೋ ಯೂಸರ್ ಐಡಿ, ಅದರ ಪಾಸ್‌ವರ್ಡ್, ಅವೂ ಅಳಿಸ್ಹೋಗ್ತವೆ. ನಮ್ಮಲ್ಲಿ ಬಹಳಷ್ಟು ಕನೆಕ್ಷನ್‌ಗಳಲ್ಲಿ ಆ ಐಡಿ ರೌಟರ್ ಒಳಗೆ ಕೂತಿರ್ಬೇಕು, ಆಗ್ಲೇ ಲೈನ್ ಸಿಗೋದು. ಅದನ್ನ ನಮ್ಗೆ ಯಾರೂ ಬರ್ದು ಕೊಟ್ಟಿರ್ಲಿಲ್ಲ, ಭಾನುವಾರ ಆಫೀಸ್ ಬಂದ್. ಸೋಮವಾರ ಸಂಜೆ ಅದೇ ಹುಡುಗ ಬಂದು ಐಡಿ ಹಾಕಿ, ಶನಿವಾರದ ಹೆಸ್ರು ಪಾಸ್‌ವರ್ಡೇ ಮತ್ತೆ ಇಟ್ಟು, ನನ್ನ ಫೋನಲ್ಲಿ ನೆಟ್ ತೋರ್ಸಿ, ಇನ್ನೊಂದು 350 ತಗೊಂಡು ಹೋದ. ಮಾವನ ಫೋನು ಎಲ್ಲಿತ್ತೋ ಅಲ್ಲೇ.

ಅವತ್ತು ರಾತ್ರಿ ಪಾತ್ರೆ ಎಲ್ಲಾ ಆದ್ಮೇಲೆ ನಾನೂ ಮಗನೂ ಹಾಲ್‌ನಲ್ಲಿ ಕೂತು, ಇದು ಯಾಕೆ ಹೀಗೆ ಅಂತ ತಿಳ್ಕೊಂಡೇ ಏಳೋದು ಅಂತ ಹಟ ಹಿಡಿದ್ವಿ. ಮಗನ ಫೋನಲ್ಲಿ ವೈಫೈ ಸೆಟ್ಟಿಂಗ್‌ಗೆ ಹೋಗಿ ಶೇರ್ ಒತ್ತಿದ್ರೆ ಒಂದು ಕ್ಯೂಆರ್ ಕೋಡ್ ಬರ್ತದೆ, ಆಂಡ್ರಾಯ್ಡ್ 10ರಿಂದ ಈಚೆಗೆ ಇದು ಬಂದಿದೆ, ಅವನ ಫೋನಲ್ಲಿ ಕೋಡಿನ ಕೆಳಗೆ ಪಾಸ್‌ವರ್ಡೂ ಅಕ್ಷರದಲ್ಲಿ ಕಾಣ್ತದೆ. ಅದನ್ನ ಒಂದು ಕೈಲಿ, ಬಿಲ್ಲನ್ನ ಒಂದು ಕೈಲಿ ಹಿಡಿದು ಒಂದೊಂದೇ ಅಕ್ಷರ ತಾಳೆ ನೋಡ್ತಾ ಹೋದ್ವಿ. ಮಾವ ತಮ್ಮ ಭೂತಕನ್ನಡಿ ತಂದು ಬಿಲ್ಲಿನ ಮೇಲೆ ಹಿಡಿದ್ರು. ಮೂರು ದಿನದಿಂದ ನಾವೆಲ್ಲಾ 5 ಅಂತ ಓದ್ತಾ ಇದ್ದದ್ದು ದೊಡ್ಡ ಎಸ್ ಆಗಿತ್ತು. ಮೇಲಿನ ಗೆರೆ ಸ್ವಲ್ಪ ನೆಟ್ಟಗೆ ಬಂದಿತ್ತು ಅಷ್ಟೇ. ಮಾವ "ಹೋ" ಅಂತ ಒಂದೇ ಮಾತು ಅಂದ್ರು, ಮೂರು ದಿನದ ಭಾರ ಇಳಿದ ಹಾಗೆ, ಯಾಕಂದ್ರೆ ತಪ್ಪು ಅವರದ್ದಲ್ಲ ಅಂತ ಆಗ ಗೊತ್ತಾಯ್ತು.

ಕಥೆ ಅಲ್ಲಿಗೂ ಮುಗೀಲಿಲ್ಲ. ಸರಿ ಪಾಸ್‌ವರ್ಡನ್ನ ಮಗ ಅಜ್ಜನ ವಾಟ್ಸಾಪಿಗೆ ಟೈಪ್ ಮಾಡಿ ಕಳ್ಸಿದ, ಅಲ್ಲಿಂದ ಕಾಪಿ ಮಾಡಿ ಹಾಕಿದ್ರೂ ಆಗ್ಲಿಲ್ಲ. ನೋಡಿದ್ರೆ ಮೆಸೇಜ್ ಬರಿಯುವಾಗ ಕೀಬೋರ್ಡ್ ತಾನಾಗೇ ಮೊದಲ್ನೇ ಅಕ್ಷರನ ದೊಡ್ಡದು ಮಾಡಿದೆ. ಇದನ್ನ ಯಾರು ಯೋಚ್ನೆ ಮಾಡ್ತಾರೆ ಹೇಳಿ! ಎಷ್ಟು ಮನೆಯಲ್ಲಿ ಫ್ಯಾಮಿಲಿ ಗ್ರೂಪಲ್ಲಿ ಪಾಸ್‌ವರ್ಡ್ ಹೀಗೇ ಓಡಾಡ್ತಾ ಇರ್ತದೋ. ಕೊನೆಗೆ ಮಗ ಆ ಕ್ಯೂಆರ್ ಕೋಡನ್ನೇ ಅಜ್ಜನ ಫೋನಿನ ಕ್ಯಾಮೆರಾಗೆ ತೋರ್ಸಿದ, ಎರಡು ಸೆಕೆಂಡಲ್ಲಿ ವೈಫೈ ಹತ್ಕೊಳ್ತು.

ಫೋನು ಯಾವ ಅಕ್ಷರ ತಪ್ಪು ಅಂತ ಹೇಳ್ಬಾರದಾ ಅಂತ ನಂಗೆ ಸಿಟ್ಟು ಬಂದಿತ್ತು. ಆಮೇಲೆ ಓದಿ ತಿಳ್ಕೊಂಡಿದ್ದು ಏನಂದ್ರೆ, ರೌಟರ್‌ಗೂ ಅದು ಗೊತ್ತಿರೋದಿಲ್ಲ. 2004ರಲ್ಲಿ ಬಂದ ಡಬ್ಲ್ಯೂಪಿಎ2 ಅನ್ನೋ, ವೈಫೈಗೆ ಬೀಗ ಹಾಕೋ ಪದ್ಧತಿನೇ ಇವತ್ತಿಗೂ ಎಷ್ಟೋ ಮನೆಯಲ್ಲಿರೋದು. ಅದ್ರಲ್ಲಿ ಪಾಸ್‌ವರ್ಡು ಗಾಳಿಯಲ್ಲಿ ಹೋಗೋದೇ ಇಲ್ಲ. ಫೋನು ಪಾಸ್‌ವರ್ಡನ್ನೂ ವೈಫೈ ಹೆಸ್ರನ್ನೂ ಒಟ್ಟಿಗೆ ಹಾಕಿ 4,096 ಸಲ ಅರೆದು ಒಂದು ಉದ್ದ ಕೀ ಮಾಡ್ಕೊಳ್ತದೆ, ರೌಟರ್ ತನ್ನ ಕಡೆ ಅದನ್ನೇ ಮಾಡಿಟ್ಕೊಂಡಿರ್ತದೆ, ಆಮೇಲೆ ಎರಡೂ ನಾಲ್ಕು ಮಾತು ಆಡಿ ನಿನ್ನ ಹತ್ರ ಇರೋದೂ ನನ್ನ ಹತ್ರ ಇರೋದೂ ಒಂದೇನಾ ಅಂತ ನೋಡ್ಕೊಳ್ತಾವೆ. ಒಂದು ಅಕ್ಷರ ತಪ್ಪಿದ್ರೂ, ಕೊನೇಲಿ ಒಂದು ಸ್ಪೇಸ್ ಸೇರ್ಕೊಂಡ್ರೂ, ಅರೆದು ಬಂದ ಹಿಟ್ಟೇ ಬೇರೆ, ಹಿಟ್ಟು ನೋಡಿ ಯಾವ ಕಾಳು ತಪ್ಪು ಅಂತ ಹೇಳಕ್ಕಾಗಲ್ಲ. ಅದಕ್ಕೇ ಫೋನಿಗೆ ಗೊತ್ತಿರೋದು ಒಂದೇ ಮಾತು, ತಾಳೆ ಆಗ್ಲಿಲ್ಲ ಅಂತ. ಸಿಗ್ನಲ್ ತುಂಬಾ ವೀಕ್ ಇದ್ದು ಆ ನಾಲ್ಕು ಮಾತಲ್ಲಿ ಒಂದು ಕೇಳಿಸ್ದೇ ಹೋದ್ರೂ ಕೆಲವು ಫೋನು ಪಾಸ್‌ವರ್ಡ್ ತಪ್ಪು ಅಂತಾನೇ ಹೇಳ್ತವೆ, ಅದಕ್ಕೇ ಮೊದ್ಲು ರೌಟರ್ ಇರೋ ರೂಮಿಗೇ ಹೋಗಿ ನೋಡ್ಬೇಕು.

ಟಿವಿ ಸಮಸ್ಯೆ ಇನ್ನೂ ಸುಲಭದ್ದು, ಆದ್ರೆ ಎಲ್ರೂ ಎಡವೋದು ಅಲ್ಲೇ. ಹೆಸ್ರು ಹಳೇದೇ ಇದ್ದಿದ್ರಿಂದ ಟಿವಿ ತನ್ನ ಹತ್ರ ಇರೋ ಹಳೇ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಕೊಡ್ತಾ ಇತ್ತು, ನಮ್ಮನ್ನ ಹೊಸದು ಕೇಳ್ಲೇ ಇಲ್ಲ. ಸೆಟ್ಟಿಂಗ್‌ಗೆ ಹೋಗಿ ಆ ವೈಫೈ ಮೇಲೆ ಫರ್ಗೆಟ್ ಅಂತ ಕೊಡ್ಬೇಕು, ಕನ್ನಡ ಹಾಕಿದ ಫೋನಲ್ಲಿ "ಮರೆತುಬಿಡಿ" ಅಂತಾನೋ ಹಾಗೇ ಏನೋ ಇರ್ತದೆ, ಆಮೇಲೆ ಹೊಸದಾಗಿ ಒತ್ತಿದ್ರೆ ಪಾಸ್‌ವರ್ಡ್ ಕೇಳ್ತದೆ. ಟೈಪ್ ಮಾಡುವಾಗ ಪಕ್ಕದ ಕಣ್ಣಿನ ಗುರುತು ಒತ್ತಿ ಅಕ್ಷರ ಕಾಣೋ ಹಾಗೆ ಮಾಡ್ಕೊಳ್ಳಿ, ಚುಕ್ಕಿ ಚುಕ್ಕಿ ನೋಡ್ಕೊಂಡು ಕುರುಡಾಗಿ ಒತ್ತೋದು ಬೇಡ. ಇನ್ನು, ಹೊಸ ರೌಟರ್ ಹಾಕ್ಸುವಾಗ್ಲೇ ಹಳೇ ಹೆಸ್ರು, ಹಳೇ ಪಾಸ್‌ವರ್ಡ್ ಎರಡನ್ನೂ ಒಂದಕ್ಷರನೂ ಬದಲಿಸ್ದೇ ಇಡಿ ಅಂತ ಹೇಳಿದ್ರೆ ಸಾಮಾನ್ಯವಾಗಿ ಯಾವ ಫೋನನ್ನೂ ಮುಟ್ಟೋದೇ ಬೇಡ, ಎಲ್ಲಾ ತಾವಾಗೇ ಸೇರ್ಕೊಳ್ತವೆ. ಹೆಸ್ರು ಅದೇ, ಪಾಸ್‌ವರ್ಡ್ ಬೇರೆ, ಇದ್ರಿಂದಾನೇ ನಮ್ಮನೆ ರಾದ್ಧಾಂತ ಎಲ್ಲಾ ಶುರುವಾಗಿದ್ದು. ಇದೊಂದನ್ನ ಆ ಹುಡುಗನಿಗೆ ಯಾರಾದ್ರೂ ಕಲ್ಸಿದ್ರೆ ಅವನ ಹತ್ತು ಮನೆ ಓಡಾಟದಲ್ಲಿ ಐದು ಉಳೀತಿತ್ತು ಅನ್ಸ್ತದೆ.

ಪ್ರಿಂಟರ್ ಮಾತ್ರ ಬುಧವಾರದವರೆಗೂ ಸತಾಯಿಸ್ತು. ಮರೆಸಿದ್ವಿ, ಸರಿಯಾಗಿ ಟೈಪ್ ಮಾಡಿದ್ವಿ, ಆದ್ರೂ ಒಲ್ಲೆ ಅಂತು. ಅದು ಹಳೇ ಪ್ರಿಂಟರ್, ವೈಫೈ ಓಡಾಡೋ ರೇಡಿಯೋ ಅಲೆಗಳಲ್ಲಿ ಅದಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, 5 ಗಿಗಾಹರ್ಟ್ಸ್ ಕಾಣೋದೇ ಇಲ್ಲ. ಅದಕ್ಕಿಂತ ಮುಖ್ಯ, ಹೊಸ ರೌಟರ್‌ನ ಸೆಕ್ಯೂರಿಟಿ ಸೆಟ್ಟಿಂಗಲ್ಲಿ ಬರೀ ಡಬ್ಲ್ಯೂಪಿಎ3 ಅಂತ ಇತ್ತು, ಅದು ಡಬ್ಲ್ಯೂಪಿಎ2 ಆದ್ಮೇಲೆ 2018ರಲ್ಲಿ ಬಂದಿದ್ದು, ಅದಕ್ಕಿಂತ ಹಳೇ ಸಾಮಾನುಗಳಲ್ಲಿ ಎಷ್ಟಕ್ಕೋ ಆ ಭಾಷೆನೇ ಬರಲ್ಲ. ರೌಟರ್ ಪೇಜಿಗೆ ಹೋಗಿ ಡಬ್ಲ್ಯೂಪಿಎ2, ಡಬ್ಲ್ಯೂಪಿಎ3 ಎರಡೂ ಇರೋ ಮಿಕ್ಸೆಡ್ ಮಾಡಿದ್ವಿ, ಪ್ರಿಂಟರ್ ಕೂಡ್ಲೇ ಬಂತು. ಆದ್ರೆ ದಯವಿಟ್ಟು ಹಳೇ ಸಾಮಾನಿಗೋಸ್ಕರ ಅಂತ ಇವೆರಡಕ್ಕಿಂತ ಹಿಂದಿನ ಪದ್ಧತಿಯಾದ ಡಬ್ಲ್ಯೂಇಪಿಗೆ ಮಾತ್ರ ಇಳೀಬೇಡಿ, ಅದರ ಬೀಗ 2001ರಲ್ಲೇ ಮುರಿದಾಗಿದೆ, ಈಗ ನಿಮಿಷಗಳ ಕೆಲ್ಸ.

ರೌಟರ್ ಪೇಜು ಅಂದ್ನಲ್ಲ, ಅದಕ್ಕೆ ಇಂಟರ್ನೆಟ್ ಬೇಕಾಗಿಲ್ಲ, ಈಗಾಗ್ಲೇ ಕನೆಕ್ಟ್ ಆಗಿರೋ ಒಂದು ಫೋನಿನ ಬ್ರೌಸರಲ್ಲಿ 192.168.1.1 ಅಥವಾ 192.168.0.1 ಅಂತ ಹೊಡೆದ್ರೆ ಸುಮಾರು ರೌಟರ್‌ಗಳಲ್ಲಿ ತೆರ್ಕೊಳ್ತದೆ, ಸರಿಯಾದ ನಂಬರ್ ರೌಟರ್ ಅಡಿಯ ಸ್ಟಿಕ್ಕರ್‌ನಲ್ಲಿರ್ತದೆ. ಅಲ್ಲಿ ಕೇಳೋ ಪಾಸ್‌ವರ್ಡ್ ವೈಫೈದಲ್ಲ. ಇದನ್ನ ಮಾವಂಗೆ ಹೇಗೆ ಹೇಳಿದ್ದೆ ಅಂದ್ರೆ, ವೈಫೈ ಪಾಸ್‌ವರ್ಡ್ ನಮ್ಮನೆ ಬಾಗಿಲ ಕೀ, ರೌಟರ್ ಪೇಜಿಂದು ಮೀಟರ್ ಬಾಕ್ಸ್ ಕೀ, ಕಂಪನಿ ಯೂಸರ್ ಐಡಿದು ಸೊಸೈಟಿ ಗೇಟಿನ ಕೀ. ಮೂರೂ ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ಹಾಕಿ ತಿರುಗಿಸ್ತಾ ಕೂತ್ರೆ ರಾತ್ರಿ ಪೂರಾ ಹೋಗ್ತದೆ. ಹಾಗೇ ವೈಫೈ ಕನೆಕ್ಟೆಡ್, ಆದ್ರೆ ಇಂಟರ್ನೆಟ್ ಇಲ್ಲ ಅಂತ ಬಂದ್ರೆ ಪಾಸ್‌ವರ್ಡನ್ನ ಬೈಬೇಡಿ, ಬಾಗಿಲು ತೆಗೆದಾಗಿದೆ, ಗೇಟಿನ ಹತ್ರ ತೊಂದ್ರೆ, ಅದಕ್ಕೆ ಕಂಪನಿಗೇ ಫೋನ್ ಮಾಡ್ಬೇಕು.

ಪುಣೆ ಕೋಥ್ರುಡ್‌ನಲ್ಲಿರೋ ನಮ್ಮ ನಾದಿನಿ ಮನೆದು ಇನ್ನೊಂದು ಥರ. ಅವ್ರ ಮನೆಯವ್ರು ಯಾವಾಗ್ಲೋ ರೌಟರಲ್ಲಿ ಮ್ಯಾಕ್ ಫಿಲ್ಟರ್ ಹಾಕಿಟ್ಟಿದ್ರು, ಅಂದ್ರೆ ಪಟ್ಟಿಯಲ್ಲಿರೋ ಫೋನಿಗೆ ಮಾತ್ರ ಒಳಗೆ ಪ್ರವೇಶ. ಹೊಸ ಫೋನ್ ತಗೊಂಡು ಅದರ ಅಸಲಿ ಮ್ಯಾಕ್ ನಂಬರನ್ನೂ, ಅಂದ್ರೆ ಫೋನಿನ ವೈಫೈಗೆ ಇರೋ ಗುರುತಿನ ನಂಬರ್, ಮೊಬೈಲ್ ನಂಬರಲ್ಲ, ಪಟ್ಟಿಗೆ ಹಾಕಿದ್ರು, ಪಾಸ್‌ವರ್ಡ್ ಸರಿ ಇದೆ, ಆದ್ರೂ ಒಳಗೆ ಬಿಡ್ತಿಲ್ಲ. ಆಂಡ್ರಾಯ್ಡ್ 10ರಿಂದ, ಐಫೋನಲ್ಲಿ ಐಒಎಸ್ 14ರಿಂದ, ಫೋನುಗಳು ತಮ್ಮ ಅಸಲಿ ಮ್ಯಾಕ್ ನಂಬರ್ ತೋರ್ಸದೇ ಒಂದೊಂದು ವೈಫೈಗೆ ಒಂದೊಂದು ಬೇರೆ ನಂಬರ್ ತೋರಿಸ್ತವೆ. ನಾನು ಫೋನಲ್ಲೇ ಹೇಳಿ ಆ ಫಿಲ್ಟರ್ ತೆಗೆಸ್ದೆ, ಸರಿಹೋಯ್ತು. ಡೊಂಬಿವಲಿಯಲ್ಲಿ ಕೂತು ಪುಣೆದು ಸರಿ ಮಾಡ್ದೆ ಅಂತ ಮಾವಂಗೆ ನನ್ನಕ್ಕಿಂತ ಜಾಸ್ತಿ ಹೆಮ್ಮೆ.

ಈಗ ನಂಗೆ ನಿಜವಾಗ್ಲೂ ಚಿಂತೆ ಹುಟ್ಸಿರೋ ವಿಷಯಕ್ಕೆ ಬರ್ತೀನಿ. ನಮ್ಮ ಕಥೆ ಕೇಳಿ ನಮ್ಮ ವಿಂಗಿನ ನಾಲ್ಕೈದು ಮನೆಯವ್ರು ನಮ್ಮದೂ ನೋಡಮ್ಮಾ ಅಂತ ಕರೆದ್ರು. ಪಾಸ್‌ವರ್ಡ್ ಕಿರಿಕಿರಿ ಬೇಡ ಅಂತ ಒಬ್ರ ಮನೇಲಿ 1ರಿಂದ 8ರವರೆಗೆ ಅಂಕಿ, ಎರಡು ಮನೇಲಿ ಮನೆಯವ್ರ ಮೊಬೈಲ್ ನಂಬರ್, ಒಂದು ಮನೇಲಿ ಪಾಸ್‌ವರ್ಡೇ ಇಲ್ಲ, ಪೂರ್ತಿ ಓಪನ್. ಎಲ್ಲಾ ಟೆಕ್ನಿಷಿಯನ್ನೇ ಇಟ್ಟಿದ್ದು, "ನೆನಪಿರ್ತದೆ" ಅಂತ. ಪಾಸ್‌ವರ್ಡ್ ತೊಂದ್ರೆ ಕೊಡ್ತದೆ ಅಂತ ಜನ ಕೊನೆಗೆ ಪಾಸ್‌ವರ್ಡನ್ನೇ ತೆಗೆದ್ಹಾಕ್ತಾರೆ, ಭಯ ಇರೋದು ಇಲ್ಲೇ. ಮೊಬೈಲ್ ನಂಬರ್ 6ರಿಂದ 9ರ ಒಳಗಿನ ಅಂಕಿಯಿಂದ ಶುರುವಾಗೋದು, ಅಂದ್ರೆ ಒಟ್ಟು ಇರಬಹುದಾದದ್ದು 400 ಕೋಟಿ. ದೊಡ್ಡ ಸಂಖ್ಯೆ ಅನ್ಸ್ತದೆ ಅಲ್ವಾ, ಆದ್ರೆ ಆ ನಾಲ್ಕು ಮಾತಿನ ಸಂಭಾಷಣೆಯನ್ನ ಆಚೆ ರಸ್ತೆಯಲ್ಲಿ ನಿಂತು ಹಿಡ್ಕೊಂಡು ಹೋದವ್ನು ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇರೋ ಕಂಪ್ಯೂಟರಲ್ಲಿ ಸೆಕೆಂಡಿಗೆ ಲಕ್ಷಗಟ್ಲೆ ಊಹೆ ಮಾಡಿ ನೋಡ್ಬಹುದು, ಅವನಿಗೆ ಒಂದು ದಿನನೂ ಬೇಡ. ಗುಂಡಿ ಒತ್ತಿದ್ರೆ ಸೇರಿಸ್ಕೊಳ್ಳೋ ಡಬ್ಲ್ಯೂಪಿಎಸ್ ಅಂತ ಇರ್ತದಲ್ಲ, ಅದರ 8 ಅಂಕಿ ಪಿನ್ನನ್ನ ಹೆಚ್ಚಂದ್ರೆ 11,000 ಸಲ ಪ್ರಯತ್ನಿಸಿ ಕಂಡುಹಿಡೀಬಹುದು ಅಂತ 2011ರಲ್ಲೇ ತೋರ್ಸಿಕೊಟ್ಟಿದ್ದಾರೆ, ಅದನ್ನೂ ಬಂದ್ ಮಾಡಿ.

ಯಾರೋ ಫ್ರೀಯಾಗಿ ಸಿನಿಮಾ ನೋಡ್ಕೊಂಡ್ರೆ ನೋಡ್ಕೊಳ್ಲಿ ಬಿಡು ಅಂತ ಒಬ್ಬ ಆಂಟಿ ಅಂದ್ರು. ನಮ್ಮ ಮುಂಬಯಿಯವ್ರು ಹಾಗೆ ಅನ್ನೋ ಹಾಗಿಲ್ಲ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬು ಸ್ಫೋಟ ಆಗೋಕೆ ಸ್ವಲ್ಪ ಮುಂಚೆ ಟಿವಿ ಚಾನೆಲ್‌ಗಳಿಗೆ ಬಂದ ಬೆದರಿಕೆ ಈಮೇಲ್ ಹೋಗಿದ್ದು ಇಲ್ಲೇ ನವಿ ಮುಂಬಯಿ ಸಾನ್ಪಾಡಾದ ಒಂದು ಮನೆಯ ವೈಫೈಯಿಂದ. ಆ ಮನೆಯವ್ರು ಕಳ್ಸಿದ್ದಲ್ಲ, ಅವರ ವೈಫೈಗೆ ಬೀಗ ಇರ್ಲಿಲ್ಲ, ಬೇರೆ ಯಾರೋ ಬಳಸ್ಕೊಂಡಿದ್ರು, ಆದ್ರೆ ಪೊಲೀಸರು ಮೊದ್ಲು ಬಂದು ನಿಂತಿದ್ದು ಅವರ ಬಾಗಿಲಿಗೆ. ಆಮೇಲೆ ಮುಂಬಯಿ ಪೊಲೀಸರು ಓಪನ್ ವೈಫೈ ಎಲ್ಲಿದೆ ಅಂತ ಊರೆಲ್ಲಾ ಹುಡುಕೋಕೆ ಹೊರಟಿದ್ರು, ಆಗಿನವ್ರಿಗೆ ನೆನಪಿರ್ಬಹುದು. ಆಂಟಿಗೆ ಇದನ್ನ ಹೇಳ್ದೆ, ಅವತ್ತೇ ಪಾಸ್‌ವರ್ಡ್ ಹಾಕಿಸ್ಕೊಂಡ್ರು.

ಒಳ್ಳೆ ಪಾಸ್‌ವರ್ಡ್ ಅಂದ್ರೆ ಕಷ್ಟದ್ದೇ ಆಗ್ಬೇಕಾಗಿಲ್ಲ. 8ರಿಂದ 63 ಅಕ್ಷರದವರೆಗೂ ಇಡ್ಬಹುದು. ನಾವೀಗ ಒಂದಕ್ಕೊಂದು ಸಂಬಂಧ ಇಲ್ಲದ ನಾಲ್ಕು ಕನ್ನಡ ಪದನ ಇಂಗ್ಲಿಷ್ ಸಣ್ಣಕ್ಷರದಲ್ಲಿ ಸೇರಿಸಿ ಬರ್ದು ಇಟ್ಟಿದೀವಿ, ಅಡುಗೆಮನೆಯಿಂದ ಒಂದು, ಊರ ಗದ್ದೆಯಿಂದ ಒಂದು, ಹೀಗೆ. ಎಸ್ಸೂ 5ರ ಗೊಂದಲ ಇಲ್ಲ, ಓ ಅಕ್ಷರಾನೋ ಸೊನ್ನೆನೋ ಅನ್ನೋದಿಲ್ಲ, ಮಾವಂಗೆ ಬಾಯಿಪಾಠ. ನೆಂಟರು ಬಂದ್ರೆ ಗೆಸ್ಟ್ ವೈಫೈ ಅಂತ ರೌಟರಲ್ಲೇ ಬೇರೆ ಇರ್ತದೆ, ಅದನ್ನ ಕೊಡ್ತೀವಿ.

ಸಂಪಾದಕರೇ, ನನ್ನ ಕೋರಿಕೆ ಎರಡು. ಕನೆಕ್ಷನ್ ಕೊಡೋ ಕಂಪನಿಯವ್ರು ನಿಮ್ಮ ಪೇಪರ್ ಓದ್ತಿದ್ರೆ, ರೌಟರ್ ಹಾಕಿ ಹೋಗುವಾಗ ಆ ಮೂರೂ ಕೀಗಳನ್ನ ಅಚ್ಚು ಹಾಕಿದ ಒಂದು ಕಾರ್ಡಲ್ಲಿ ಗಿರಾಕಿ ಕೈಗೆ ಕೊಡ್ಲಿ, ಬಿಲ್ಲಿನ ಹಿಂದೆ ಗೀಚೋದು ನಿಲ್ಲಿಸ್ಲಿ, ದುಡ್ಡು ಕೊಡೋರು ನಾವು, ನಮ್ಮ ಐಡಿ ನಮ್ಗೇ ಗೊತ್ತಿಲ್ಲ ಅಂದ್ರೆ ಅದೆಂಥ ನ್ಯಾಯ? ಹಾಗೇ ಮುಂಬಯಿ ಪುಣೆಯ ಕನ್ನಡ ಸಂಘಗಳಲ್ಲಿ ಭಾನುವಾರ ಹಿರಿಯರು ಸೇರ್ತಾರಲ್ಲ, ಅಲ್ಲಿ ಕಾಲೇಜ್ ಮಕ್ಕಳು ಒಂದು ಗಂಟೆ ಕೂತು ಅವ್ರ ಫೋನಲ್ಲೇ ಈ ಮರೆಸೋದು, ಕ್ಯೂಆರ್ ತೋರ್ಸೋದು, ಕಣ್ಣಿನ ಗುರುತು ಒತ್ತೋದು ಕಲಿಸಿಕೊಡ್ಲಿ, ನಮ್ಮ ಮಗ ಡೊಂಬಿವಲಿಯಲ್ಲಿ ಮಾಡೋಕೆ ತಯಾರಿದ್ದಾನೆ.

ನಮ್ಮನೆ ಕಾರ್ಡನ್ನ ಮಾವ ತಾವೇ ಬರ್ದಿದಾರೆ, ದಪ್ಪ ಪೆನ್ನಲ್ಲಿ, ಒಂದೊಂದಕ್ಷರ ಬಿಡಿಬಿಡಿಯಾಗಿ, ಯಾವುದು ಯಾವ ಕೀ ಅಂತ ಪಕ್ಕದಲ್ಲಿ ಕನ್ನಡದಲ್ಲಿ. ದೇವರ ಕಪಾಟಿನ ಬಾಗಿಲ ಒಳಗಡೆ ಅಂಟ್ಸಿದೀವಿ. ಪತ್ರ ಉದ್ದ ಆಗಿದ್ರೆ ಬೇಕಾದಲ್ಲಿ ಕತ್ತರಿಸ್ಕೊಳ್ಳಿ, ಆದ್ರೆ ಮೊದ್ಲು ಮರೆಸಿ ನೋಡಿ, ಕೊನೆಗಷ್ಟೇ ತೂತು ಒತ್ತಿ ಅನ್ನೋದನ್ನ ಮಾತ್ರ ಉಳಿಸಿ, ಸಾಧ್ಯ ಆದ್ರೆ ಸ್ವಲ್ಪ ದೊಡ್ಡ ಅಕ್ಷರದಲ್ಲಿ ಹಾಕಿ.

ಇತಿ,
ನಿಮ್ಮ ಓದುಗಳು
ಡೊಂಬಿವಲಿ ಪೂರ್ವ